ಬೆಚ್ಚಗಿನ ಕಾಲು

ಆ ಮನೆಯಲ್ಲಿ ಕರಗುವುದು ಎಂದರೆ ಒಂದೇ ಅರ್ಥವಿತ್ತು. ಒಲೆ ಹಚ್ಚಬೇಕು, ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಬೇಕು, ಆ ನೀರಿನೊಳಗೆ ಸಣ್ಣ ಪಾತ್ರೆ ಇಳಿಸಿ ಅದರಲ್ಲಿ ಮೇಣದ ಗಟ್ಟಿಗಳನ್ನು ಹಾಕಬೇಕು. ಮದುವೆಯಾದಾಗಿನಿಂದ ಮೇಣದ ಬತ್ತಿ ಮಾಡಿಕೊಂಡೇ ಬಂದ ಗಂಡ ಹೆಂಡತಿಗೆ, ಬಿಸಿ ಮುಟ್ಟಿಸದೆ ಯಾವುದಾದರೂ ವಸ್ತು ಕರಗುತ್ತದೆ ಎಂದರೆ ನಂಬಿಕೆ ಬರುವುದಾದರೂ ಹೇಗೆ? ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಆದದ್ದನ್ನೆಲ್ಲ ಕೇಳಿ ಬೀದಿಯವರು ಆ ಹೆಂಗಸಿಗೆ ಬುದ್ಧಿಯಿಲ್ಲ ಎಂದರು. ಬುದ್ಧಿ ಇತ್ತು. ಅವಳಿಗೆ ಗೊತ್ತಿದ್ದದ್ದನ್ನೇ ಅವಳು ಮಾಡಿದಳು.

ಮನೆಯೆಂದರೆ ಮುಂದೊಂದು ಕೋಣೆ, ನಡುವೆ ಅಡುಗೆಮನೆ, ಮೇಲೆ ಮಗ ಸೊಸೆಯ ರೂಮು, ಹಿಂದೆ ತಗಡು ಹೊದೆಸಿದ ಕಾರ್ಖಾನೆ. ಕಾರ್ಖಾನೆ ಎಂದು ಕರೆಯುತ್ತಿದ್ದವನು ಯಜಮಾನ ಒಬ್ಬನೇ. ಉಳಿದವರ ಪಾಲಿಗೆ ಅದು ಬತ್ತಿ ಮಾಮನ ಶೆಡ್ಡು. ಬೀದಿಯೆಲ್ಲ ಅವನನ್ನು ಬತ್ತಿ ಮಾಮ ಎಂದೇ ಕರೆಯುತ್ತಿತ್ತು. ಅಚ್ಚಿನೊಳಗೆ ನೂಲು ಎಳೆದು ಕಟ್ಟುವುದು, ಮೇಣ ಹೊಯ್ಯುವುದು, ಆರಿದ ಮೇಲೆ ನಡುವೆ ಬೀಳುವ ಗುಂಡಿಗೆ ಇನ್ನೊಮ್ಮೆ ಹೊಯ್ದು ಸಮ ಮಾಡುವುದು, ಎಲ್ಲವನ್ನೂ ಅವನು ನಿಂತೇ ಮಾಡುತ್ತಿದ್ದ. ಕೂತು ಹೊಯ್ದರೆ ಕೈ ಓರೆಯಾಗುತ್ತದೆ, ಬತ್ತಿ ಸೊಟ್ಟಗಾಗುತ್ತದೆ ಎಂದು ಅವನ ವಾದ. ಮಗ ಸ್ಟೂಲು ತಂದಿಟ್ಟರೆ ಅದರ ಮೇಲೆ ಮೇಣದ ಡಬ್ಬ ಇಡುತ್ತಿದ್ದ.

ಮೇಣದ ಹದ ನೋಡುವುದು ಅವನ ಹೆಂಡತಿಯ ಕೆಲಸ. ಕರಗಿದ ಮೇಣದೊಳಗೆ ತೋರುಬೆರಳು ಅದ್ದಿ ಮೇಲಕ್ಕೆತ್ತಿ, ಬೆಳಕಿಗೆ ಹಿಡಿದು ನೋಡಿ, "ಇನ್ನೊಂಚೂರು ಆರ್ಲಿ" ಎಂದೋ "ಹೊಯ್ಯಿರಿ" ಎಂದೋ ಹೇಳುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ. ಈ ಬೆರಳು ಇರುವ ತನಕ ತನಗೆ ಥರ್ಮಾಮೀಟರಿನ ಖರ್ಚಿಲ್ಲ ಎಂದು ಯಜಮಾನ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲೇ ಇಳಿಸುತ್ತಿದ್ದಳು. ಅಮ್ಮನ ಕೈ ಕೈಯಲ್ಲ, ಇಕ್ಕಳ ಎಂದು ಮಗ ನಗುತ್ತಿದ್ದ.

ಯಜಮಾನನಿಗೆ ಸಕ್ಕರೆ ಕಾಯಿಲೆ ಹಳೆಯದು. ಎಡಗಾಲಿನ ಕಿರುಬೆರಳ ಹತ್ತಿರ ಚಪ್ಪಲಿ ಕಚ್ಚಿ ಆದ ಗಾಯ ಮಾಯುವ ಲಕ್ಷಣವೇ ಕಾಣಲಿಲ್ಲ. ಪಾದ ಸದಾ ತಣ್ಣಗೆ, ಬೆರಳುಗಳ ಬಣ್ಣ ನೀಲಿಗೆ ತಿರುಗಿತ್ತು. ಚುಚ್ಚಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಸೊಸೆ ಔಷಧದ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಮಾತ್ರೆಗಳ ಹೆಸರು ಬಾಯಿಪಾಠ ಇದ್ದ ಒಂದೇ ಕಾರಣಕ್ಕೆ ಅವಳು ಮನೆಯ ಅರ್ಧ ಡಾಕ್ಟರಾಗಿಬಿಟ್ಟಿದ್ದಳು. ಮಾವನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯುವುದೂ ಅವಳ ಪಾಲಿಗೇ ಬಂತು. ಅಂಗಡಿಗಳಿಗೆ ಬತ್ತಿ ತಲುಪಿಸುವ ಕೆಲಸ ಬಿಟ್ಟು ಮಗ ಹೋಗುವಂತಿರಲಿಲ್ಲ. ಅತ್ತೆಗೆ ಆಸ್ಪತ್ರೆಯ ವಾಸನೆ ಬಂದರೇ ತಲೆ ಸುತ್ತುತ್ತಿತ್ತು.

ಕಾಲಿಗೆ ರಕ್ತ ಒಯ್ಯುವ ನಾಳಗಳು ಮೊಣಕಾಲಿನ ಕೆಳಗೆ ಮುಚ್ಚಿಹೋಗಿವೆ, ಬಲೂನು ತೂರಿಸಿ ಬಿಡಿಸೋಣವೆಂದರೆ ಅಷ್ಟು ಜಾಗವೂ ಉಳಿದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದುಬಿಡುವುದು ಒಂದು ದಾರಿ. ಇನ್ನೊಂದು ದಾರಿಯೂ ಇತ್ತು. ಅದು ಇನ್ನೂ ಪರೀಕ್ಷೆಯಲ್ಲಿದ್ದ ಹೊಸ ಚಿಕಿತ್ಸೆ, ಒಪ್ಪಿದವರಿಗೆ ಮಾತ್ರ. ಗಾಯಕ್ಕೆ ಸುತ್ತುವ ಬಟ್ಟೆಯಷ್ಟು ತೆಳುವಾದ ಬಲೆಯ ತುಂಡುಗಳನ್ನು ಮೀನಖಂಡದ ಮಾಂಸದೊಳಗೆ ಇಡುತ್ತಾರೆ. ಸೊಸೆಯ ಕಣ್ಣಲ್ಲಿ ಅನುಮಾನ ಕಂಡು ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಬಳ್ಳಿಗೆ ಚಪ್ಪರ ಹಾಕಿದ ಹಾಗೆ ಅಂದ್ಕೊಳ್ಳಮ್ಮ. ಸಣ್ಣ ಸಣ್ಣ ರಕ್ತನಾಳಗಳು ಅದನ್ನ ಹಿಡ್ಕೊಂಡು ಬೆಳೀತವೆ. ಬಳ್ಳಿ ಗಟ್ಟಿಯಾಗೋ ಹೊತ್ತಿಗೆ ಚಪ್ಪರ ತಾನಾಗೇ ಇಲ್ಲವಾಗುತ್ತೆ. ನಾವು ಮತ್ತೆ ಕುಯ್ದು ತೆಗೆಯೋದು ಬೇಕಿಲ್ಲ. ಕಾಲು ಬೆಚ್ಚಗಾಗ್ತಾ ಬಂದ್ರೆ ಗೆದ್ದ ಹಾಗೆ."

ಸೊಸೆ ಮನೆಗೆ ಬಂದಾಗ ಹಸಿವಿನಿಂದ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಚಪ್ಪಲಿ ಬಿಡುತ್ತ ಬಿಡುತ್ತಲೇ ಅತ್ತೆಗೆ ಎಲ್ಲವನ್ನೂ ಎರಡು ಮಾತಿನಲ್ಲಿ ಮುಗಿಸಿದಳು.

"ಒಂಥರಾ ಬಲೆ ಅತ್ತೆ. ಒಳಗಿಡ್ತಾರೆ, ಅದು ಕರಗುತ್ತೆ. ಕರಗೋ ಹೊತ್ತಿಗೆ ಹೊಸ ನರ ಬೆಳೆದಿರುತ್ತೆ, ಕಾಲು ಬೆಚ್ಚಗಾಗುತ್ತೆ."

"ಅದು ಕರಗಬೇಕಾ?"

"ಹೂಂ. ಅದು ಕರಗಬೇಕು."

ಡಾಕ್ಟರಮ್ಮ ಇಲ್ಲವಾಗುತ್ತದೆ ಎಂದಿದ್ದರು. ಸೊಸೆಯ ಬಾಯಲ್ಲಿ ಅದು ಕರಗುವುದಾಯಿತು. ಬೇರೆ ಯಾವ ಮನೆಯಲ್ಲಾದರೂ ಅದರಿಂದ ಏನೂ ಆಗುತ್ತಿರಲಿಲ್ಲ.

ಬಲೆ ಇಟ್ಟರು, ಹೊಲಿಗೆ ಹಾಕಿದರು, ಕೆಲವು ದಿನ ಇರಿಸಿಕೊಂಡು ಮನೆಗೆ ಕಳಿಸಿದರು. ಕಳಿಸುವಾಗ ಅಲ್ಲಿಯ ನರ್ಸು, ಕಾಲಿಗೆ ಬೆಂಕಿ ಬಿಸಿ ತಾಗದ ಹಾಗೆ ನೋಡಿಕೊಳ್ಳಿ ಎಂದು ಹೇಳಿದಳು. ಅದನ್ನು ಮನೆಯವರು ಚಾಚೂ ತಪ್ಪದೆ ಪಾಲಿಸಿದರು. ಅಪ್ಪ ಇನ್ನು ಒಲೆಯ ಹತ್ತಿರ ಸುಳಿಯಕೂಡದು ಎಂದು ಮಗ ಅಪ್ಪಣೆ ಮಾಡಿ ಶೆಡ್ಡಿನ ಬಾಗಿಲಿಗೆ ಚಿಲಕ ಹಾಕಿದ. ಯಜಮಾನ ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು, ಹಿಂದೆ ತಾನೇ ಒಲ್ಲೆನೆಂದಿದ್ದ ಸ್ಟೂಲಿನ ಮೇಲೆ ಕಾಲು ನೀಡಿ, ಬತ್ತಿಯ ನೂಲು ಕತ್ತರಿಸತೊಡಗಿದ. ಅಲ್ಲಿಂದಲೇ ಶೆಡ್ಡಿಗೆ ಕೂಗಿ ಹೇಳುತ್ತಿದ್ದ. ಎರಡನೇ ಹೊಯ್ತ ತಡವಾಯಿತು, ಅಚ್ಚಿಗೆ ಎಣ್ಣೆ ಸವರಲಿಲ್ಲ, ವಾಸನೆಯಲ್ಲೇ ಗೊತ್ತಾಗುತ್ತಿದೆ ಮೇಣ ಕಾದದ್ದು ಹೆಚ್ಚಾಯಿತು. ಮಗ ಕೇಳಿಸಿದರೂ ಕೇಳಿಸದವನ ಹಾಗೆ ಇರುತ್ತಿದ್ದ.

ದಿನಾ ಸಂಜೆ ಕೆಲಸದಿಂದ ಬಂದ ಸೊಸೆ ಕೈಕಾಲು ತೊಳೆದು, ಮಾವನ ಮುಂದೆ ನೆಲದ ಮೇಲೆ ಕೂತು, ಅಂಗೈಯ ಹಿಂಭಾಗದಿಂದ ಮೊದಲು ಬಲಪಾದ, ಆಮೇಲೆ ಎಡಪಾದ ಮುಟ್ಟಿ ನೋಡುತ್ತಿದ್ದಳು. ಮೊದಮೊದಲು ಇಬ್ಬರಿಗೂ ಸಂಕೋಚ. ಯಜಮಾನ ಗೋಡೆಯ ಕಡೆ ಮುಖ ಮಾಡುತ್ತಿದ್ದ. ಆಮೇಲೆ ಅಭ್ಯಾಸವಾಗಿ, "ಏನಮ್ಮಾ, ಇವತ್ತು ತಂಗಳಾ ಬಿಸಿಯಾ?" ಎಂದು ತಮಾಷೆ ಮಾಡುವಷ್ಟಾಯಿತು. ಅವಳು ಇವತ್ತೂ ತಂಗಳು ಮಾವ ಎನ್ನುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆ ಅದನ್ನು ಕೇಳಿ ಒಳಗೆ ಹೋಗುತ್ತಿದ್ದಳು.

ಒಂದು ಸಂಜೆ ಸೊಸೆ ಬೇಗ ಬಂದಳು. ಅತ್ತೆ ಯಾವುದೋ ಎಣ್ಣೆ ಕಾಯಿಸಿ ಗಂಡನ ಮೀನಖಂಡಕ್ಕೆ ಹಚ್ಚುತ್ತಿದ್ದಳು. ಹೊಲಿಗೆ ಬಿಚ್ಚಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಸೊಸೆ ಚೀಲವನ್ನೂ ಕೆಳಗಿಡಲಿಲ್ಲ.

"ನಿಮ್ಮ ಕೈಮದ್ದು ಇಲ್ಲಿ ನಡೆಯಲ್ಲ ಅತ್ತೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವರಿಗೆ ಉತ್ತರ ಹೇಳಬೇಕಾದವಳು ನಾನು."

"ನನ್ನ ಗಂಡನ ಕಾಲು ನಾನು ಮುಟ್ಟೋಕೂ ನಿನ್ನ ಕೇಳಬೇಕಾ?"

"ಮುಟ್ಟಿ. ಹಚ್ಚಬೇಡಿ ಅಂದೆ ಅಷ್ಟೆ."

ಅತ್ತೆ ಎಣ್ಣೆಯ ಬಟ್ಟಲನ್ನು ತೊಳೆಯುವ ಪಾತ್ರೆಗಳ ನಡುವೆ ಕುಕ್ಕಿದಳು. ಆ ರಾತ್ರಿ ಊಟಕ್ಕೆ ಎಲ್ಲರ ತಟ್ಟೆಗೂ ಬಡಿಸಿದಳು, ಸೊಸೆಯ ತಟ್ಟೆಯ ಹತ್ತಿರ ಮಾತ್ರ ಪಾತ್ರೆ ಇಟ್ಟು ಹೋದಳು. ಮಗ ಇಬ್ಬರ ಮುಖವನ್ನೂ ನೋಡಿ, ಉಪ್ಪು ಸರಿಯಾಗಿದೆ ಎಂದ. ಅವನನ್ನು ಯಾರೂ ಉಪ್ಪಿನ ವಿಷಯ ಕೇಳಿರಲಿಲ್ಲ. ಜಗಳ ಅಲ್ಲಿಗೆ ಮುಗಿಯಿತೆಂದು ಅವನು ತಿಳಿದ. ಮುಗಿದಿರಲಿಲ್ಲ, ಅಂದಿನಿಂದ ಅತ್ತೆ ಏನು ಮಾಡಿದರೂ ಸೊಸೆಗೆ ಹೇಳದೆ ಮಾಡುವುದೆಂದು ತೀರ್ಮಾನಿಸಿದ್ದಳು.

ಮುಂದಿನ ತಪಾಸಣೆಯಲ್ಲಿ ಡಾಕ್ಟರಮ್ಮ ಸ್ಕ್ಯಾನು ನೋಡಿ, ಬಲೆ ಹಾಗೇ ಇದೆ, ಇರಲಿ, ನಿಧಾನವಾಗಿ ಹೋದಷ್ಟೂ ಒಳ್ಳೆಯದು, ಸುತ್ತ ಏನೋ ಚಿಗುರುತ್ತಿರುವ ಹಾಗೂ ಕಾಣುತ್ತದೆ ಎಂದರು. ಸೊಸೆಗೆ ಸಮಾಧಾನವಾಗಿತ್ತು. ಊಟಕ್ಕೆ ಕೂತಾಗ, ಡಾಕ್ಟರಮ್ಮ ಏನಂದರು ಎಂದು ಗಂಡ ಕೇಳಿದ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಅವಳು, "ಇನ್ನೂ ಕರಗಿಲ್ಲವಂತೆ" ಎಂದಳು. ಉಳಿದದ್ದನ್ನು ಹೇಳುವಷ್ಟರಲ್ಲಿ ಔಷಧದ ಅಂಗಡಿಯಿಂದ ಫೋನು ಬಂತು. ಯಾವುದೋ ಇಂಜೆಕ್ಷನ್ನಿನ ಪೆಟ್ಟಿಗೆ ಫ್ರಿಜ್ಜಿನಿಂದ ಹೊರಗೇ ಉಳಿದಿದೆಯಂತೆ. ಎಡಗೈಯಲ್ಲಿ ಫೋನು ಹಿಡಿದು ಅವಳು ಎದ್ದು ಹೋದಳು. ಬಡಿಸುತ್ತಿದ್ದ ಅತ್ತೆ ಸೌಟು ಹಿಡಿದು ಹಾಗೇ ನಿಂತಳು. ಆ ಮಾತು ಅವಳ ಎದೆಯಲ್ಲಿ ನಾಟಿತು. ಇನ್ನೂ ಕರಗಿಲ್ಲ. ಮತ್ತೆ ಎಲ್ಲರೂ ಕೈಕಟ್ಟಿ ಕೂತಿದ್ದಾರಲ್ಲ!

ಮರುದಿನ ಮಧ್ಯಾಹ್ನ ಮಗ ಬತ್ತಿ ಪೆಟ್ಟಿಗೆಗಳನ್ನು ಹೇರಿಕೊಂಡು ಹೋದ ಮೇಲೆ ಅವಳು ನೀರು ಕಾಯಿಸಿದಳು. ತನ್ನ ಸೊಂಟನೋವಿಗೆಂದು ಎಂದೋ ತಂದ ರಬ್ಬರಿನ ಚೀಲ ಅಟ್ಟದ ಮೇಲಿತ್ತು. ಅದಕ್ಕೆ ನೀರು ತುಂಬಿ, ಬಿರಡೆ ತಿರುಗಿಸಿ, ಅಂಗೈಯಲ್ಲಿ ಒತ್ತಿ ನೋಡಿ, ಬೆಚ್ಚಗಷ್ಟೇ ಇದೆ ಎಂದು ಖಾತ್ರಿ ಮಾಡಿಕೊಂಡು, ಗಂಡನ ಕಾಲಿಗೆ ಟವೆಲಿನಿಂದ ಕಟ್ಟಿದಳು.

"ಏನೇ ಇದು?"

"ಕರಗಬೇಕಲ್ಲ. ಎಲ್ಲರೂ ತಣ್ಣಗೆ ಕೂತ್ರೆ ತಾನಾಗೇ ಕರಗುತ್ತಾ? ನಾವೇನು ನಿನ್ನೆ ಮೊನ್ನೆ ಕರಗಿಸೋಕೆ ಕಲಿತೋರಾ?"

ಯಜಮಾನ ಒಂದು ಗಳಿಗೆ ಯೋಚಿಸಿದ. ಒಲೆಯ ಹತ್ತಿರ ಹೋಗಬೇಡ ಎಂದಿದ್ದರು, ಇದು ಒಲೆಯಲ್ಲ. ಹೆಂಡತಿ ಹೇಳುವುದರಲ್ಲಿ ಅರ್ಥವಿದೆ ಅನಿಸಿತು. ಇಷ್ಟು ವರ್ಷ ಅವಳು ಹದ ಹೇಳಿದ್ದಾಳೆ, ಇವನು ಹೊಯ್ದಿದ್ದಾನೆ. ಕಾಲಿಗೆ ಬಿಸಿಯೂ ತಿಳಿಯಲಿಲ್ಲ, ತಂಪೂ ತಿಳಿಯಲಿಲ್ಲ. ಆದರೆ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಹಾಯಾಗಿದೆ" ಎಂದ.

ಸೊಸೆಗೆ ಹೇಳುವುದು ಬೇಡ ಎಂದು ಇಬ್ಬರೂ ಮಾತಾಡಿಕೊಳ್ಳಲೂ ಇಲ್ಲ. ಗೇಟಿನ ಸದ್ದು ಕೇಳಿದ ಕೂಡಲೆ ಅತ್ತೆ ಚೀಲ ಬಿಚ್ಚಿ ಬಚ್ಚಲಿನ ಬಾಗಿಲ ಹಿಂದೆ ನೇತು ಹಾಕಿದಳು. ಸೊಸೆ ಎಂದಿನ ಹಾಗೆ ನೆಲದ ಮೇಲೆ ಕೂತು ಬಲಪಾದ ಮುಟ್ಟಿದಳು, ಎಡಪಾದ ಮುಟ್ಟಿದಳು. ಮತ್ತೊಮ್ಮೆ ಮುಟ್ಟಿದಳು. ಆಮೇಲೆ ಎರಡೂ ಕೈಯಲ್ಲಿ ಆ ಪಾದವನ್ನು ಹಿಡಿದುಕೊಂಡಳು.

"ಮಾವ, ಬೆಚ್ಚಗಿದೆ."

ಶೆಡ್ಡಿನಿಂದ ಮಗ ಕೈಯೆಲ್ಲ ಮೇಣ ಮಾಡಿಕೊಂಡೇ ಬಂದು ಮುಟ್ಟಿ ನೋಡಿದ. ಹೌದು ಕಣೇ ಎಂದ. ಸೊಸೆ ಆಸ್ಪತ್ರೆಗೆ ಫೋನು ಮಾಡಿ, ನಮ್ಮ ಮಾವನ ಕಾಲು ಬೆಚ್ಚಗಾಗಿದೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಅತ್ತೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡು, ಅವತ್ತು ಎಲ್ಲರಿಗೂ ಮೊಟ್ಟೆ ಹುರಿದಳು. ಸೊಸೆಯ ತಟ್ಟೆಗೆ ತಾನೇ ಬಡಿಸಿದಳು.

ಆ ಮನೆ ಅಷ್ಟು ಸಂತೋಷವಾಗಿ ಇದ್ದದ್ದು ಅದೇ ಕೊನೆ. ದಿನಾ ಮಧ್ಯಾಹ್ನ ಚೀಲ, ದಿನಾ ಸಂಜೆ ಬೆಚ್ಚಗಿನ ಕಾಲು. ಬಿಸಿಯಾ ತಂಗಳಾ ಎಂದು ಯಜಮಾನ ಕೇಳುವುದು, ಈಗ ತಾನೇ ಒಲೆಯಿಂದ ಇಳಿಸಿದ್ದು ಮಾವ ಎಂದು ಸೊಸೆ ನಗುವುದು. ಮಗ ಶೆಡ್ಡಿನ ಚಿಲಕ ತೆಗೆದು ಅಪ್ಪನ ಕುರ್ಚಿಯನ್ನು ಬಾಗಿಲ ತನಕ ತಂದಿಟ್ಟ. ಅಚ್ಚುಗಳನ್ನು ಕಂಡು ಯಜಮಾನ, ಇನ್ನು ಸ್ವಲ್ಪ ದಿನ, ಆಮೇಲೆ ನಾನೇ ನಿಂತು ಹೊಯ್ಯುತ್ತೇನೆ, ನೀನು ಹೊಯ್ದ ಬತ್ತಿಗಳೆಲ್ಲ ಕುಡಿದು ನಿಂತವರ ಹಾಗಿವೆ ಎಂದ. ಅತ್ತೆ ಸೊಸೆ ಒಂದೇ ಮಣೆಯ ಮುಂದೆ ಕೂತು ತರಕಾರಿ ಹೆಚ್ಚಿದರು. ನಿನ್ನ ಮೇಲೆ ರೇಗಿದ್ದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ಅತ್ತೆ ಹೇಳಿದಳು. ಚೀಲದ ವಿಷಯವೂ ನಾಲಿಗೆಯ ತುದಿಗೆ ಬಂದಿತ್ತು. ಕರಗಿ ಮುಗಿಯಲಿ, ಆಮೇಲೆ ಹೇಳಿದರೆ ಇವಳು ಬೆರಗಾಗಬೇಕು ಎಂದು ನುಂಗಿಕೊಂಡಳು.

ಒಂದು ಮಧ್ಯಾಹ್ನ ಟವೆಲು ಬಿಚ್ಚಿದಾಗ ಕಣಕಾಲಿನ ಪಕ್ಕ ಒಂದು ಬೊಬ್ಬೆ ಎದ್ದಿತ್ತು. ಒಳಗೆ ತಿಳಿಯಾದ ನೀರು. ಅವಳು ಬೆರಳಿನಿಂದ ಒತ್ತಿದಳು, ಅದು ಒಡೆದು ನೀರು ಇಳಿಯಿತು. ಯಜಮಾನನಿಗೆ ನೋವಿರಲಿಲ್ಲ.

"ರೀ," ಎಂದಳು. ಅವಳ ಕಣ್ಣು ತುಂಬಿ ಬಂದಿತ್ತು. "ಕರಗ್ತು ಕಣ್ರೀ. ನೋಡಿ, ನೀರಾಗಿ ಹೊರಗೆ ಬರ್ತಿದೆ."

ಇದನ್ನು ಬರೆಯುವಾಗ ನನ್ನ ಕೈಯೇ ನಿಲ್ಲುತ್ತದೆ. ಗಂಡ ಹೆಂಡತಿ ಇಬ್ಬರೂ ಆ ನೀರನ್ನು ನೋಡಿ ನಕ್ಕರು. ಇನ್ನು ಎರಡು ದಿನಕ್ಕೆ ತಪಾಸಣೆ ಇತ್ತು. ಡಾಕ್ಟರಮ್ಮನೇ ನೋಡಿ ಹೇಳಲಿ, ಮನೆಯವರಿಗೆಲ್ಲ ಅಲ್ಲೇ ಗೊತ್ತಾಗಲಿ ಎಂದುಕೊಂಡು ಅವಳು ಆ ಕಾಲಿಗೆ ಕಾಲುಚೀಲ ಹಾಕಿದಳು. ಸೊಸೆ ಕೇಳಿದಾಗ, ಬೆಚ್ಚಗಿರಲಿ ಅಂತ ಎಂದಳು. ಸೊಸೆ ಕಾಲುಚೀಲದ ಮೇಲಿಂದಲೇ ಮುಟ್ಟಿ ನೋಡಿ ತೃಪ್ತಳಾದಳು. ಮಾರನೆಯ ಸಂಜೆ ಮುಟ್ಟಲು ಬಗ್ಗಿದವಳಿಗೆ ವಾಸನೆ ಬಡಿಯಿತು. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ನಿಧಾನವಾಗಿ ಬಿಡಿಸಿದಳು. ಒಳಗಿನ ಗಾಯ ಕಂಡ ಕೂಡಲೆ ಗಂಡನನ್ನು ಕೂಗಿ ಕರೆದು ಮಾವನನ್ನು ಆಸ್ಪತ್ರೆಗೆ ಹೊರಡಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೆ ಇದು ಸುಟ್ಟ ಗಾಯ, ನಂಜಾಗಿದೆ ಎಂದರು. ಯಾರು ಬಿಸಿ ಇಟ್ಟದ್ದು ಎಂದು ಕೇಳಿದರು. ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಯಜಮಾನ ಮಂಚದ ಮೇಲಿಂದ, "ನಾನೇ" ಎಂದ. "ಮನೇಲಿ ಯಾರೂ ಇಲ್ಲದಾಗ ನಾನೇ ಇಟ್ಕೊಂಡೆ. ಇವರಿಗ್ಯಾರಿಗೂ ಗೊತ್ತಿಲ್ಲ."

ಮಗ ವಾರ್ಡಿನ ಎಲ್ಲರೆದುರಿಗೆ ಅಪ್ಪನನ್ನು ಬೈದ. ನಿಮಗೆ ಬುದ್ಧಿ ಬೇಡ್ವಾ, ಅವಳು ದಿನಾ ನಿಮ್ಮ ಕಾಲು ಹಿಡ್ಕೊಂಡು ಕೂರ್ತಿದ್ದದ್ದು ಇದಕ್ಕಾ ಎಂದ. ಯಜಮಾನ ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡ. ಹೆಂಡತಿ ಮಂಚದ ಕಬ್ಬಿಣ ಹಿಡಿದು ನಿಂತಿದ್ದಳು. ಅವಳಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. ತಾನು ಇಟ್ಟದ್ದು ಬೆಚ್ಚಗಿನ ನೀರು, ಸುಡುವ ಮಾತು ಎಲ್ಲಿಂದ ಬಂತು ಎಂದೇ ಯೋಚಿಸುತ್ತಿದ್ದಳು.

ಬಟ್ಟೆಬರೆ ತರಲು ಅತ್ತೆ ಸೊಸೆ ಮನೆಗೆ ಬಂದರು. ಟವೆಲು ಹುಡುಕುತ್ತ ಸೊಸೆ ಬಚ್ಚಲಿನ ಬಾಗಿಲು ಸರಿಸಿದಾಗ ಹಿಂದೆ ನೇತಾಡುತ್ತಿದ್ದ ರಬ್ಬರಿನ ಚೀಲ ಕಂಡಿತು. ಬಾಗಿಲಿನ ಮೊಳೆ ಎತ್ತರದಲ್ಲಿತ್ತು. ಮಾವ ಆ ಕಾಲಿನಲ್ಲಿ ಕುಂಟಿಕೊಂಡು ಬಂದು ಅಲ್ಲಿಗೆ ನೇತು ಹಾಕುವುದು ಸಾಧ್ಯವಿರಲಿಲ್ಲ. ಅವಳು ಚೀಲ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅತ್ತೆ, ಇದನ್ನ ಇಟ್ಟಿದ್ದು ನೀವಾ?"

"ಹೂಂ. ಕರಗಲಿ ಅಂತ."

ಸೊಸೆ ಚೀಲವನ್ನು ಅತ್ತೆಯ ಮುಂದೆ ಹಿಡಿದಳು. "ಎಷ್ಟು ಬಿಸಿ ಇಟ್ಟಿದ್ರಿ?"

"ಬಿಸಿ ಎಲ್ಲಿ ಬಂತೇ? ಬರೀ ಬೆಚ್ಚಗೆ. ಬೇಕಾದ್ರೆ ತೋರಿಸ್ತೀನಿ ಬಾ."

ಅವಳು ನಿಜವಾಗಿಯೂ ತೋರಿಸಿದಳು. ದಿನಾ ಮಾಡುತ್ತಿದ್ದ ಹಾಗೇ ನೀರಿಟ್ಟಳು, ದಿನಾ ಇಳಿಸುತ್ತಿದ್ದ ಹೊತ್ತಿಗೇ ಇಳಿಸಿದಳು, ಚೀಲಕ್ಕೆ ತುಂಬಿದಳು, ಅಂಗೈಯಲ್ಲಿ ಒತ್ತಿ ನೋಡಿದಳು. ತಪ್ಪಿತಸ್ಥಳಲ್ಲ ಎಂದು ಸಾಬೀತು ಮಾಡುವ ಆತುರ ಅವಳ ಮುಖದಲ್ಲಿತ್ತು.

"ನೋಡು, ಇಷ್ಟೇ."

ಸೊಸೆ ಎರಡೂ ಕೈ ಚಾಚಿ ತೆಗೆದುಕೊಂಡಳು. ಮರುಗಳಿಗೆಯಲ್ಲೇ ಚೀಲ ನೆಲಕ್ಕೆ ಬಿತ್ತು. ಅವಳು ಕೈಗಳನ್ನು ನಲ್ಲಿಯ ಕೆಳಗೆ ಹಿಡಿದಳು. ಅಂಗೈಗಳು ಕೆಂಪಾಗಿದ್ದವು. ಅತ್ತೆ ಆ ಕೆಂಪನ್ನು ನೋಡಿದಳು. ಆಮೇಲೆ ಬಗ್ಗಿ ಚೀಲವನ್ನು ಎತ್ತಿಕೊಂಡು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ನಿಂತಳು.

"ನನಗೆ ಬೆಚ್ಚಗೇ ಇದೆ ಕಣೇ," ಎಂದಳು.

ಆಗ ಅವಳಿಗೆ ತಿಳಿಯಿತು. ಮೇಣವಾದರೆ ಬೆರಳಿನ ಮೇಲೆ ಬೆಳ್ಳಗಾಗುವುದನ್ನು ಕಣ್ಣಿನಿಂದ ನೋಡಿ ಹದ ಹೇಳುತ್ತಿದ್ದಳು. ನೀರು ಬೆಳ್ಳಗಾಗುವುದಿಲ್ಲ. ಅವಳ ಕೈಗೆ ಬಿಸಿ ತಿಳಿಯುವುದು ಎಂದೋ ನಿಂತುಹೋಗಿತ್ತು, ಒಲೆಯ ಮುಂದೆಯೇ ಬದುಕಿದ್ದರಿಂದ ಅದು ಅವಳ ಗಮನಕ್ಕೇ ಬಂದಿರಲಿಲ್ಲ. ತಿಳಿಯದ ಕೈಯಿಂದ ತಿಳಿಯದ ಕಾಲಿಗೆ ಇಟ್ಟಿದ್ದಳು. ಚೀಲವನ್ನು ಕಸಿದುಕೊಳ್ಳಲು ಸೊಸೆ ಒದ್ದೆ ಕೈಯಲ್ಲೇ ಎಳೆಯಬೇಕಾಯಿತು. ಬಯ್ಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತು ಒಂದೂ ಅವಳ ಬಾಯಿಗೆ ಬರಲಿಲ್ಲ. ಕರಗುತ್ತೆ ಎಂದವಳು ತಾನೇ ಅಲ್ಲವೇ? ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತರು.

ಆ ಸಂಜೆಯೇ ಅತ್ತೆ ಮಗನಿಗೆ ಹೇಳಿದಳು. ಬೇಡ ಅತ್ತೆ, ಮಾವ ತಮ್ಮ ಮೇಲೆ ಹಾಕ್ಕೊಂಡಿದ್ದಾರೆ, ಹಾಗೇ ಇರಲಿ ಎಂದು ಸೊಸೆ ತಡೆದರೂ ಕೇಳಲಿಲ್ಲ. ಮಗ ಗಂಜಿ ಉಣ್ಣುತ್ತಿದ್ದ. "ಅಪ್ಪ ಅಲ್ಲ ಕಣೋ. ನಾನು ಇಟ್ಟಿದ್ದು" ಎಂದಳು. ಅವನು ಅರ್ಧಕ್ಕೇ ಎದ್ದು ಕೈ ತೊಳೆದ. ಒಂದು ಮಾತಾದರೂ ಬೈಯಲಿ ಎಂದು ಅವಳು ಕಾದು ನಿಂತಿದ್ದಳು. ಅವನು ಬೈಯಲಿಲ್ಲ.

ನಂಜು ಮೇಲೇರಿತು. ಮೊಣಕಾಲಿನ ಕೆಳಗೆ ತೆಗೆದರು. ಯಜಮಾನ ಇನ್ನೂ ಆಸ್ಪತ್ರೆಯಲ್ಲಿ ಇದ್ದಾಗಲೇ ಮಗ ಶೆಡ್ಡಿನಲ್ಲಿ ಒಲೆ ಹಚ್ಚಿದ, ಒಪ್ಪಿಕೊಂಡ ಬತ್ತಿ ಕೊಡಲೇಬೇಕಿತ್ತು. ಅಭ್ಯಾಸಬಲದಿಂದ ತಾಯಿ ಹದ ನೋಡಲು ಶೆಡ್ಡಿನ ಬಾಗಿಲಿಗೆ ಬಂದಳು. ಮೇಣದ ಪಾತ್ರೆಯ ಅಂಚಿಗೆ ಉದ್ದನೆಯ ಹೊಸ ಥರ್ಮಾಮೀಟರ್ ಸಿಕ್ಕಿಸಿತ್ತು. ಮಗ ತಿರುಗಿ ನೋಡಲಿಲ್ಲ. ಬಗ್ಗಿ ಅದನ್ನೇ ನೋಡುತ್ತಿದ್ದ. ಅವಳು ಬಂದ ಹಾಗೇ ಹಿಂದಿರುಗಿ, ಬಾಗಿಲ ಹತ್ತಿರ ಕೂತು ನೂಲು ಕತ್ತರಿಸಿದಳು. ಕೈಗೆ ಬೇರೆ ಕೆಲಸವಿರಲಿಲ್ಲ.

ಬಿಡುಗಡೆಯ ದಿನ ಡಾಕ್ಟರಮ್ಮ ಸೊಸೆಯನ್ನು ಒಂದು ಪಕ್ಕಕ್ಕೆ ಕರೆದರು. ಪರೀಕ್ಷೆಯಲ್ಲಿದ್ದ ಚಿಕಿತ್ಸೆಯಾದ್ದರಿಂದ ತೆಗೆದ ಕಾಲನ್ನು ಅವರು ಬಿಡಿಸಿ ನೋಡಿದ್ದರು. ಬಲೆಯ ಅಂಚುಗಳು ಇಲ್ಲವಾಗುತ್ತ ಬಂದಿದ್ದವು. ಅದರ ಉದ್ದಕ್ಕೂ ಎಳೆ ಎಳೆಯಾಗಿ ಹೊಸ ನಾಳಗಳು ಬೆಳೆದಿದ್ದವು, ಪಾದದ ಕಡೆ ಹೊರಟಿದ್ದವು. ಇದರಿಂದ ಇನ್ನೊಬ್ಬರಿಗೆ ಅನುಕೂಲವಾಗುತ್ತದೆ ಎಂದು ಡಾಕ್ಟರಮ್ಮ ಸಮಾಧಾನದ ಮಾತು ಹೇಳಿದರು. ಸೊಸೆ ತಲೆಯಾಡಿಸಿದಳು. ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಮಾವ ಕೂತಿದ್ದ. ಅವನ ಹಿಂದೆ ಅತ್ತೆ ಅದರ ಹಿಡಿ ಹಿಡಿದು ನಿಂತಿದ್ದಳು.

ಅತ್ತೆ ಕೇಳಿದ್ದು ಮನೆಗೆ ಬಂದ ಮೇಲೆ, ಊಟದ ಹೊತ್ತಿನಲ್ಲಿ, ಎಲ್ಲರೆದುರಿಗೆ.

"ಡಾಕ್ಟರಮ್ಮ ನಿನ್ನ ಕರೆದು ಏನೋ ಹೇಳಿದ್ರಲ್ಲ. ನರ ಬೆಳೆದಿತ್ತಂತಾ?"

ಮಗ ತುತ್ತು ಎತ್ತಿದವನು ಹಾಗೇ ತಡೆದ. ಯಜಮಾನ ತಟ್ಟೆ ನೋಡುತ್ತಿದ್ದ. ಸೊಸೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಇಲ್ಲ ಅತ್ತೆ. ಬೆಳೆದಿರಲಿಲ್ಲ. ಅದು ಮಾವನ ಮೈಗೆ ಹಿಡಿಸಲಿಲ್ಲವಂತೆ. ಏನು ಮಾಡಿದ್ರೂ ಕಾಲು ಹೋಗ್ತಿತ್ತಂತೆ."

ಮಗ ತುತ್ತು ಬಾಯಿಗಿಟ್ಟುಕೊಂಡ. ಸ್ವಲ್ಪ ಹೊತ್ತಿನ ಮೇಲೆ, ಎಷ್ಟೋ ದಿನಗಳ ನಂತರ, "ಅಮ್ಮ, ಸ್ವಲ್ಪ ಅನ್ನ ಹಾಕು" ಎಂದ. ಅವಳು ಹಾಕಿದಳು.

ಗಂಡನಿಗೆ ಸ್ನಾನ ಮಾಡಿಸುವುದನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಸ್ಟೂಲು ಹಾಕಿ ಅವನನ್ನು ಕೂರಿಸಿ, ಬಕೆಟ್ಟಿಗೆ ನೀರು ಬೆರೆಸಿ, ಮಗ್ಗು ಹಿಡಿದು ನಿಂತಳು. ನೀರಿಗೆ ಕೈ ಹಾಕಿದಳು, ತೆಗೆದಳು. ಮತ್ತೆ ಹಾಕಿದಳು. ಆಮೇಲೆ ಬಾಗಿಲಿಗೆ ಬಂದು ಸೊಸೆಯನ್ನು ಕರೆದಳು. ಸೊಸೆ ಕೆಲಸಕ್ಕೆ ಹೊರಟವಳು ಚೀಲ ಕೆಳಗಿಟ್ಟು ಬಂದಳು.

"ಸ್ವಲ್ಪ ಕೈ ಹಾಕಿ ನೋಡೇ. ನನಗೆ ತಿಳಿಯಲ್ಲ."

ಸೊಸೆ ಬಳೆ ಮೇಲಕ್ಕೆ ಸರಿಸಿ ಬಕೆಟ್ಟಿನೊಳಗೆ ಕೈ ಇಳಿಸಿದಳು. "ಬಿಸಿ ಇದೆ ಅತ್ತೆ. ಇನ್ನೊಂದೆರಡು ಮಗ್ಗು ತಣ್ಣೀರು ಹಾಕಿ."

ಅತ್ತೆ ಒಂದು ಮಗ್ಗು ಹಾಕಿದಳು. ಇನ್ನೊಂದನ್ನು ತುಂಬಿಕೊಂಡು, ಹಾಕದೆ, ಗಂಡನಿಗೆ ಕೇಳಿಸದ ಹಾಗೆ ಬಗ್ಗಿ ಹೇಳಿದಳು.

"ನಿನಗೆ ಸುಳ್ಳು ಹೇಳೋಕೆ ಬರಲ್ಲ. ನಿನ್ನೆ ಹೇಳಿದ್ದು ಇನ್ನೊಂದ್ಸಲ ಹೇಳು."

ಸೊಸೆಯ ಕೈ ಇನ್ನೂ ನೀರಿನಲ್ಲೇ ಇತ್ತು.

"ಬೆಳೆದಿರಲಿಲ್ಲ ಅತ್ತೆ."

ಅತ್ತೆ ಎರಡನೇ ಮಗ್ಗನ್ನು ಬಕೆಟ್ಟಿಗೆ ಸುರಿದಳು.

"ಈಗ ನೋಡು," ಎಂದಳು.

"ಈಗ ಸರಿಯಾಗಿದೆ."